ಕಾಂಡದೊಳಗಿನ ಲೋಳೆ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಸಸ್ಯರೋಗಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ ನನ್ನನ್ನು ದುಂಡಾಣುಗಳ (ಬ್ಯಾಕ್ಟೀರಿಯಾಗಳ) ಕಡೆಗೆ ಎಳೆದವರು ಪ್ರಾಕ್ಟಿಕಲ್ ತೆಗೆದುಕೊಳ್ಳುತ್ತಿದ್ದ ನಮ್ಮ ಮೇಡಂ. ಚಿಂತಾಮಣಿ ಕಡೆಯ ರೈತರೊಬ್ಬರು ಬೇರುಸಮೇತ ಕಿತ್ತ ಟೊಮ್ಯಾಟೊ ಗಿಡ ತಂದು, "ನೀರು ಚೆನ್ನಾಗೇ ಬಿಟ್ಟಿದೀನಿ ಮೇಡಂ, ಎಲೇನೂ ಹಸಿರಾಗೈತೆ, ಗಿಡ ಮಾತ್ರ ಜೋತುಬಿದ್ದೈತೆ" ಎಂದರು. ಮೇಡಂ ಕಾಂಡವನ್ನು ಬ್ಲೇಡಿನಿಂದ ಕೊಯ್ದು, ಅದರ ತುದಿಯನ್ನು ಗಾಜಿನ ಲೋಟದ ನೀರಿಗೆ ಇಳಿಬಿಟ್ಟರು. ತುಸು ಹೊತ್ತಿನಲ್ಲೇ ಕೊಯ್ದ ಜಾಗದಿಂದ ಹಾಲಿನಂಥ ಎಳೆಗಳು ಕೆಳಗಿಳಿಯತೊಡಗಿದವು.

ಅದು ರಾಲ್ಸ್ಟೋನಿಯ ಸೊಲನೇಸಿಯಾರಮ್, ಸೊರಗು ರೋಗದ ದುಂಡಾಣು. ನೀರು ಏರುವ ನಾಳಗಳ ಗೋಡೆಗೆ ಅಂಟಿಕೊಂಡು, ತಾನೇ ಸ್ರವಿಸಿದ ಲೋಳೆಯಲ್ಲಿ ಹುದುಗಿ ಬಯೋಫಿಲ್ಮ್, ಅಂದರೆ ದುಂಡಾಣುಗಳ ಅಂಟು ಪದರ, ಕಟ್ಟುತ್ತದೆ. ನಾಳ ಕಟ್ಟಿಕೊಂಡ ಗಿಡ, ಹಸಿ ಮಣ್ಣಿನಲ್ಲೇ ನಿಂತು ನೀರಿಲ್ಲದೆ ಸಾಯುತ್ತದೆ. ಲೋಳೆ ಮಾಡಲಾರದ ದುಂಡಾಣು ತಳಿಗಳು ಗಿಡವನ್ನು ಸೊರಗಿಸುವುದರಲ್ಲಿ ತೀರಾ ದುರ್ಬಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ದುಂಡಾಣು ಈ ಲೋಳೆ ತಯಾರಿಕೆಯನ್ನು ನಿಯಂತ್ರಿಸುವ ರೀತಿ. ಸಂಖ್ಯೆ ಕಡಿಮೆಯಿದ್ದಾಗ ಈ ದುಂಡಾಣು ಲೋಳೆಗೆ ಶಕ್ತಿ ವ್ಯಯಿಸುವುದಿಲ್ಲ, ಈಜುತ್ತ ಹರಡುತ್ತದೆ. ಪ್ರತಿಯೊಂದೂ ಹೊರಬಿಡುವ ಸಂಕೇತ ರಾಸಾಯನಿಕ, ಗುಂಪು ಬೆಳೆದಂತೆ ಸುತ್ತಲೂ ಶೇಖರವಾಗುತ್ತದೆ. ಮಿತಿ ದಾಟಿದಾಗ ಪಿಎಚ್‌ಸಿ‌ಎ ಎಂಬ ನಿಯಂತ್ರಕ ಪ್ರೋಟೀನ್ ಕೆಲಸಕ್ಕಿಳಿದು ಲೋಳೆ ತಯಾರಿಕೆ ಜೋರಾಗುತ್ತದೆ.

ಎಲೆಕೋಸಿನ ಕಪ್ಪು ಕೊಳೆ ತರುವ ಜಾಂತೊಮೊನಾಸ್‌ನದು ಬೇರೆಯೇ ದಾರಿ ಎಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ಡಿಎಸ್‌ಎಫ್ ಎಂಬ ಸಂಕೇತ ಹೆಚ್ಚಿದಾಗ, ಜೀವಕೋಶದೊಳಗಿನ ಸೈಕ್ಲಿಕ್ ಡೈ-ಜಿಎಂಪಿ ಎಂಬ ಸಂದೇಶವಾಹಕ ಅಣು ಒಡೆದುಹೋಗಿ, ಕಟ್ಟಿದ ಬಯೋಫಿಲ್ಮ್ ಬಿಚ್ಚಿಕೊಳ್ಳುತ್ತದೆ, ದುಂಡಾಣುಗಳು ಚದುರುತ್ತವೆ. ಗುಂಪು ಸೇರಿದಾಗ ಒಂದು ಬೀಡುಬಿಡುತ್ತದೆ, ಇನ್ನೊಂದು ಹೊರಡುತ್ತದೆ! ಅಂದಹಾಗೆ, ಸಾಸ್, ಐಸ್‌ಕ್ರೀಮ್‌ಗಳನ್ನು ಗಟ್ಟಿಯಾಗಿಸುವ ಜಾಂತನ್ ಗಮ್ ಇದೇ ಜಾಂತೊಮೊನಾಸ್‌ನ ಲೋಳೆ.

ಲ್ಯಾಬಿನಲ್ಲಿ ಬಯೋಫಿಲ್ಮ್ ಅಳೆಯಲು, ಅದಕ್ಕೆ ಹಿಡಿಯುವ ಕ್ರಿಸ್ಟಲ್ ವಯಲೆಟ್ ಎಂಬ ನೇರಳೆ ಬಣ್ಣ ಬಳಸುತ್ತಿದ್ದೆವು. ದುಂಡಾಣು ಬೆಳೆಸಿದ ಗುಳಿಗಳ ಪ್ಲೇಟನ್ನು ಎಷ್ಟು ತೊಳೆದರೂ ಗುಳಿಗಳ ಗೋಡೆಗೆ ನೇರಳೆ ಬಳೆ ಅಂಟಿಕೊಂಡೇ ಇರುತ್ತಿತ್ತು. ಸಿಂಪಡಿಸಿದ ಔಷಧಿ ಇಂಥ ದುಂಡಾಣುಗಳನ್ನು ಮುಟ್ಟುವುದು ಯಾಕೆ ಕಷ್ಟ ಅನ್ನುವುದು ನನಗೆ ಆ ಬಳೆ ನೋಡಿದಾಗಲೇ ಅರ್ಥವಾದದ್ದು. ಬೇರಿನಿಂದ ಹೊಕ್ಕು ನಾಳದೊಳಗೆ ಕೂತ ರೋಗಕ್ಕಂತೂ ಎಲೆಯ ಮೇಲಿನ ಸಿಂಪಡಣೆ ತಲುಪುವುದೇ ಇಲ್ಲ.

ಆದ್ದರಿಂದ ನಾನು ರೈತರಿಗೆ ಮೊದಲು ಹೇಳುವುದು ರೋಗ ನಿರೋಧಕ ತಳಿಯ ಮಾತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ಗೆ ಸೊರಗು ರೋಗ ತಡೆಯುವ ಗುಣವಿದೆ. ನಿರೋಧಕ ಟೊಮ್ಯಾಟೊಗಳಲ್ಲಿ ದುಂಡಾಣು ಬೇರನ್ನು ಹೊಕ್ಕರೂ ನಾಳದಿಂದ ನಾಳಕ್ಕೆ ಸಲೀಸಾಗಿ ಹಬ್ಬಲಾರದು; ಕಾಂಡದಲ್ಲಿ ದೊಡ್ಡ ಗುಂಪು ಕಟ್ಟುವುದು ಅದಕ್ಕೆ ಕಷ್ಟ.