ದಮ್ಮು ಅಂದರೆ ಯಾವ ದಮ್ಮು?

ಕನ್ನಡದಲ್ಲಿ ದಮ್ಮು ಅನ್ನೋ ಪದಕ್ಕೆ ಬಿಡುವೇ ಇಲ್ಲ. ಗೋಡೆ ಮರೆಯಲ್ಲಿ ಬೀಡಿ ಎಳೆದರೆ ದಮ್ಮು. ‘ದಮ್ಮಿದ್ರೆ ಬಾ’ ಅಂತ ತೊಡೆ ತಟ್ಟಿದರೆ ಅದೂ ದಮ್ಮು. ಬಿರಿಯಾನಿಗೂ ದಮ್ಮು, ಎದೆ ಕಟ್ಟಿಕೊಂಡರೂ ದಮ್ಮು. ಫಾರ್ಸಿ (ಪರ್ಷಿಯನ್) ಭಾಷೆಯಲ್ಲಿ ದಮ್ ಅಂದರೆ ಉಸಿರು. ನಮ್ಮವರು ಅದನ್ನು ತಂದು ಸಿಕ್ಕ ಸಿಕ್ಕ ಕಡೆಗೆಲ್ಲ ದುಡಿಸಿಕೊಂಡರು.

ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ನಾನು ಧಾರವಾಡದವಳು. ಮೆಟ್ಟಿಲು ಹತ್ತಿ ಉಸಿರು ಮೇಲಾದರೆ ‘ತೇಕು ಹತ್ತಿತು’ ಅನ್ನೋದು ನಮ್ಮ ರೂಢಿ. ಪಕ್ಕದ ಮನೆಯ ಮೈಸೂರಿನ ಆಂಟಿ ಉಬ್ಬಸ ಅಂತಾರೆ. ಅತ್ತೆ ಕುಂದಾಪುರದ ಕಡೆಯವರು, ಅವರಿಗೆ ಎಲ್ಲವೂ ದಮ್ಮು. ರೈಲ್ವೆ ಸೇತುವೆ ಹತ್ತಿದರೂ ದಮ್ಮು, ರಾತ್ರಿ ಎದ್ದು ಕೂತರೂ ದಮ್ಮು.

ಈ ದಮ್ಮಿಗೆ ಅಂತಲೇ ಅತ್ತೆಯನ್ನು ಡಾಕ್ಟರಿಗೆ ತೋರಿಸೋಕೆ ಕರೆದುಕೊಂಡು ಹೋದೆ. ಕನ್ನಡ ಕ್ಲಿನಿಕ್ಕಾದರೆ ಹೇಗೋ ನಡೆಯುತ್ತಿತ್ತು. ಇಲ್ಲಿ ಮರಾಠಿ. ಮರಾಠಿಯಲ್ಲಿ ದಮಾ ಅಂದರೆ ಅಸ್ತಮಾನೇ, ಸರಿ. ಆದರೆ ‘ದಮಲೋ’ ಅಂದರೆ ಬರೀ ಸುಸ್ತಾಯ್ತು ಅಂತ. ಏದುಸಿರಿಗೆ ಅವರು ಹೇಳೋದು ‘ಧಾಪ್ ಲಾಗತೇ’. ಅತ್ತೆ ಕೌಂಟರಿನ ಹುಡುಗಿ ಮುಂದೆ ಎದೆ ಮುಟ್ಟಿಕೊಂಡು ‘ದಮ್, ದಮ್’ ಅಂದರು. ಅವಳು ಪಾಪ, ‘ಆಜೀ ದಮಲ್ಯಾ ಆಹೇತ’ ಅಂತ ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟಳು. ಸರದಿ ಮಾತ್ರ ಮುಂದೆ ಹೋಗಲಿಲ್ಲ!

ಒಳಗೆ ಡಾಕ್ಟರಿಗೆ ನಾನು ‘ದಮಾ’ ಅಂದೆ. ಅವರಿಗೆ ಅಷ್ಟು ಸಾಲಲಿಲ್ಲ. ಉಸಿರು ಎಳೆಯುವಾಗ ಕಷ್ಟವಾ, ಬಿಡುವಾಗಲಾ? ಸದ್ದು ಬರುತ್ತಾ? ಮಲಗಿದರೆ ಜಾಸ್ತಿಯಾ? ದಿಂಬು ಎಷ್ಟು ಬೇಕು? ಸಂಜೆ ಹೊತ್ತಿಗೆ ಕಾಲು ಊದುತ್ತಾ? ದಿಂಬಿಗೂ ದಮ್ಮಿಗೂ ಏನು ಸಂಬಂಧ ಅನ್ನಿಸಿತು. ಇದೆ. ಅಂಗಾತ ಮಲಗಿದರೆ ಉಸಿರು ಸಿಗುವುದಿಲ್ಲ, ಕಾಲೂ ಊದಿದೆ ಅಂದರೆ ತೊಂದರೆ ಹೃದಯದ್ದೂ ಇರಬಹುದು. ಹೃದಯದ ಪಂಪಿಂಗ್ ಸೋತರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಅದಕ್ಕೂ ನಾವು ದಮ್ಮು ಅಂತಲೇ ಅನ್ನೋದು.

ಸದ್ದಿನ ಪ್ರಶ್ನೆಗೆ ಅತ್ತೆ ತಾವೇ ಉತ್ತರ ಕೊಟ್ಟರು. ‘ಎದೆ ಒಳಗೆ ಬೆಕ್ಕಿನ ಮರಿ ಕೂಗಿದ ಹಾಗೆ.’ ನಾನು ಹಾಗೇ ಮರಾಠಿಗೆ ದಾಟಿಸಿದೆ. ಡಾಕ್ಟರು ನಕ್ಕು, ಇಷ್ಟು ಹೇಳಿದರೆ ನನ್ನ ಅರ್ಧ ಕೆಲಸ ಮುಗೀತು ಅಂದರು. ಶ್ವಾಸಕೋಶದೊಳಗಿನ ಸಣ್ಣ ನಳಿಕೆಗಳು ಬಿಗಿದಾಗ, ಒಳಪದರ ಊದಿ ಕಫ ತುಂಬಿದಾಗ ಈ ಕುಯ್ ಕುಯ್ ಬರೋದು, ಅದೂ ಹೆಚ್ಚಾಗಿ ಉಸಿರು ಬಿಡುವಾಗ. ಎಳೆಯುವಾಗ ಗಂಟಲಲ್ಲಿ ಕರ್ಕಶ ಸದ್ದು ಬಂದರೆ ಅದು ಬೇರೆ, ಮೇಲಿನ ದಾರಿಯೇ ಕಟ್ಟುತ್ತಿದೆ ಅಂತ. ಆಗ ಅಪಾಯಿಂಟ್‌ಮೆಂಟ್ ಅಂತ ಕಾಯಬಾರದು, ಸೀದಾ ಆಸ್ಪತ್ರೆಗೆ ಓಡಬೇಕು.

ನಮ್ಮ ಹಿಂದಿನವರು ಇದನ್ನು ಬಿಡಿಸಿ ನೋಡಿದ್ದರು. ಚರಕ ಸಂಹಿತೆಯಲ್ಲಿ ಶ್ವಾಸ ರೋಗ ಐದು ಬಗೆ. ಅದರಲ್ಲಿ ತಮಕ ಅನ್ನೋದು ಮೋಡ, ಮಳೆ, ಚಳಿಗೆ ಕೆರಳುತ್ತದೆ, ರೋಗಿಗೆ ಕೂತರೆ ಹಾಯ್ ಅನ್ನಿಸುತ್ತದೆ ಅಂತ ಬರೆದಿದೆ. ಅತ್ತೆ ಜುಲೈ ರಾತ್ರಿಗಳಲ್ಲಿ ಗೋಡೆಗೆ ಒರಗಿ ಕೂರೋದು ನೋಡಿದವರಿಗೆ ಇದು ಹಳೆ ಪುಸ್ತಕದ ಮಾತು ಅನ್ನಿಸೋದಿಲ್ಲ. ಡೊಂಬಿವಲಿಯ ಮಳೆಗಾಲದಲ್ಲಿ ಕಪಾಟಿನ ಹಿಂದೆಲ್ಲ ಬೂಸ್ಟು ಹಿಡಿಯುತ್ತದೆ. ಚಳಿಗಾಲ ಬಂದರೆ ಗಾಳಿ ಅಲುಗದೆ ಧೂಳು ಇಲ್ಲೇ ನಿಲ್ಲುತ್ತದೆ. ಸುಧಾರಿಸಿಕೊಳ್ಳೋದಕ್ಕೆ ಯಾವ ತಿಂಗಳು ಅಂತ ನೀವೇ ಹೇಳಿ.

ಆಮೇಲೆ ಊದೋ ಟೆಸ್ಟು. ಸ್ಪೈರೋಮೆಟ್ರಿ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಟೆಕ್ನಿಶಿಯನ್ ಹುಡುಗ ಕೂಗುತ್ತಾನೆ, ‘ಜೋರಾತ್ ಫುಂಕಾ! ಆಣಖೀ, ಆಣಖೀ!’ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬಂತು ಅನ್ನೋದೇ ಅಲ್ಲಿ ಮುಖ್ಯ ಲೆಕ್ಕ. ಅತ್ತೆ ಕ್ಲಿಪ್ ಕಿತ್ತು ನನ್ನ ಕಡೆ ತಿರುಗಿ, ‘ಊದೂದು ನಂಗೇ ಕಲಿಸ್ತಾನಾ ಇವ? ಜೀವಮಾನ ಎಲ್ಲ ಒಲೆ ಊದಿದ್ದೇ ಅಲ್ವಾ ಮಾರಾಯ್ತಿ’ ಅಂದರು. ಮತ್ತೆ ಕೂರಿಸಿದೆವು. ಊದಿದರು, ಕೆಮ್ಮಿದರು, ಸೊಂಟ ಹಿಡಿದುಕೊಂಡು ಇನ್ನೊಮ್ಮೆ ಊದಿದರು. ಪಂಪು, ಅಂದರೆ ಇನ್‌ಹೇಲರ್, ಎಳೆಸಿ, ಕಾಲು ಗಂಟೆ ಬಿಟ್ಟು ಮತ್ತೆ ಅದೇ. ಪಂಪು ಎಳೆದ ಮೇಲೆ ಆ ಅಂಕಿ ಶೇಕಡಾ 12 ಮತ್ತು 200 ಮಿಲಿ ಲೀಟರ್ ಏರಿದರೆ ನಳಿಕೆ ಚೆನ್ನಾಗಿ ತೆರೆದುಕೊಂಡಿತು ಅನ್ನೋದು ಬಹಳ ಕಾಲ ನಡೆದುಬಂದ ಲೆಕ್ಕ. ಅತ್ತೆಯದು ಅಷ್ಟು ಏರಲಿಲ್ಲ.

ಡಾಕ್ಟರು ‘ಊರಲ್ಲಿ ಚೂಲ್ ಇತ್ತಾ?’ ಅಂತ ಕೇಳಿದ್ದು ಆಗ. ಚೂಲ್ ಅಂದರೆ ಸೌದೆ ಒಲೆ. ಇತ್ತು ಅಂದರೆ? ಹಸಿ ತೆಂಗಿನ ಮಡಲು, ಊದುಗೊಳವೆ, ಮಸಿ ಹಿಡಿದ ಮಾಡು. ಸಿಗರೇಟು ಮುಟ್ಟದ ಹೆಂಗಸರಿಗೂ ಈ ಹೊಗೆಯಿಂದ ಸಿಒಪಿಡಿ, ಅಂದರೆ ನಳಿಕೆಗಳು ಕಿರಿದಾಗಿ ಮತ್ತೆ ಪೂರ್ತಿ ತೆರೆಯದ ಕಾಯಿಲೆ, ಬರಬಹುದು. ಬೀಡಿ ದಮ್ಮು ಎಳೆದವರು ಮಾವ. ಅವರಿಗೆ ಏನೂ ಆಗಲಿಲ್ಲ, ಹೆಂಡತಿಗೆ ದಮ್ಮು ಬಂತು. ನನಗೆ ಇದರ ಮೇಲೆ ಸಿಟ್ಟಿದೆ.

ಪಂಪು ಹಿಡಿಸೋದು ಇನ್ನೊಂದು ರಾಮಾಯಣ. ‘ಒಮ್ಮೆ ಶುರು ಮಾಡಿದರೆ ಅಭ್ಯಾಸ ಆಗಿಬಿಡ್ತದೆ’ ಅಂತ ಇಡೀ ಬಿಲ್ಡಿಂಗು ಹೆದರಿಸಿತು. ಸುಮ್ನೆ ಮಾತು. ಎಳೆದ ಔಷಧಿ ನೇರ ನಳಿಕೆಗೇ ಹೋಗುತ್ತದೆ, ಹಾಗಾಗಿ ಮಾತ್ರೆಗಿಂತ ಬಹಳ ಕಮ್ಮಿ ಸಾಕು. ಸ್ಟೆರಾಯ್ಡ್ ಇರೋ ಪಂಪಾದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಫಂಗಸ್ ಬರಬಹುದು. ಅತ್ತೆಗೆ ಸ್ಪೇಸರ್, ಅಂದರೆ ಪಂಪಿಗೆ ಸಿಕ್ಕಿಸೋ ಟೊಳ್ಳು ಡಬ್ಬಿ, ಕೊಡಿಸಿದ್ದೇವೆ. ಅದನ್ನು ಅವರು ಬಾಟ್ಲಿ ಅಂತಾರೆ. ಬೆಳಿಗ್ಗೆ ಬಾಟ್ಲಿ ಆದಮೇಲೇ ಕಾಫಿ.

ಮುಂದಿನ ತಿಂಗಳು ಮತ್ತೆ ತೋರಿಸಬೇಕು. ಈ ಸಲ ಕೌಂಟರಿನಲ್ಲಿ ಹೇಳೋದಕ್ಕೆ ‘ಧಾಪ್’ ಅಂತ ಕಲಿಸಿದ್ದೇನೆ. ಅವರು ಅದನ್ನು ‘ದಾಪು’ ಮಾಡಿಕೊಂಡಿದ್ದಾರೆ.