ನಾಲ್ಕು ಸಿಂಥ್, ಒಂದು ಹಾಡು

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರಿಗೆ ಒಂದಲ್ಲ ಒಂದು ದಿನ ಪುಟ್ಟ ಸಿಂಥ್ (ಸಿಂಥಸೈಜರ್, ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡ್) ಒಂದು ಇದ್ದಿದ್ದರೆ ಅನ್ನಿಸಿಯೇ ಅನ್ನಿಸುತ್ತದೆ. ನನಗೆ ಹಾಗನ್ನಿಸಿದ ಮೇಲೆ ರಾತ್ರಿಯೆಲ್ಲ ಕೂತು ವಿಡಿಯೋ ನೋಡಿದ್ದೇ ನೋಡಿದ್ದು. ಒಂದೊಂದು ವಿಡಿಯೋದಲ್ಲೂ ಒಂದೊಂದು ಸಿಂಥ್ ಅದ್ಭುತವಾಗಿ ಕೇಳಿಸುತ್ತಿತ್ತು. ಕೇಳಿಸದೆ ಏನು? ನುಡಿಸುವವರದು ಪಳಗಿದ ಕೈ, ಮೇಲೆ ಬೇಕಾದಷ್ಟು ರಿವರ್ಬ್ (ದನಿಗೆ ಸೇರಿಸುವ ಪ್ರತಿಧ್ವನಿ) ಬೇರೆ ಸುರಿದಿರುತ್ತಾರೆ. ಬಜೆಟ್ ಚಿಕ್ಕದು, ಮೇಜು ಅದಕ್ಕಿಂತ ಚಿಕ್ಕದು. ತಲೆ ಕೆಟ್ಟು ಕೊನೆಗೆ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೆ ಸಿಂಥ್ ಹುಚ್ಚು. ತರುತ್ತಾನೆ, ಮಾರುತ್ತಾನೆ, ಮತ್ತೆ ತರುತ್ತಾನೆ.

"ಬಾ. ಆದರೆ ಸುಮ್ನೆ ಕೈ ಬೀಸ್ಕೊಂಡು ಬರಬೇಡ. ನಿನ್ನ ಲ್ಯಾಪ್‌ಟಾಪು, ಆಡಿಯೋ ಇಂಟರ್‌ಫೇಸು, ಅರ್ಧಕ್ಕೆ ನಿಂತಿರೋ ಆ ಹಾಡು, ಮೂರೂ ತಗೊಂಡು ಬಾ" ಅಂದ. ಆಡಿಯೋ ಇಂಟರ್‌ಫೇಸ್ ಅಂದರೆ ಮೈಕು, ವಾದ್ಯಗಳ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ.

ಹೋದಾಗ ಮೇಜಿನ ಮೇಲೆ ನಾಲ್ಕು ಇದ್ದವು. ಕೋರ್ಗ್‌ನವರ ಮೈಕ್ರೋಕೋರ್ಗ್, ಅದೇ ಕಂಪನಿಯ ವೋಲ್ಕಾ ಕೀಸ್, ಆರ್ಟೂರಿಯಾದ ಮೈಕ್ರೋಫ್ರೀಕ್, ಯಮಹಾದ ರಿಫೇಸ್ ಸಿಎಸ್. ನಾನು ನೇರವಾಗಿ ಕೀಗಳ ಮೇಲೆ ಕೈ ಇಡಲು ಹೋದೆ. ಅವನು ತಡೆದ. "ಮೊದಲು ಬೆನ್ನು ನೋಡು ಮಾರಾಯ. ರೆಕಾರ್ಡಿಂಗ್‌ಗೆ ತಾನೇ ನಿನಗೆ ಬೇಕಾಗಿರೋದು?"

ನೋಡಿದರೆ ಒಂದೊಂದರದು ಒಂದೊಂದು ಕಥೆ. ಮೈಕ್ರೋಕೋರ್ಗ್ 2002ರ ಹುಟ್ಟು. ಎಡ, ಬಲ ಎರಡೂ ಔಟ್‌ಪುಟ್ ಇದೆ. ಹಳೆಯ ಐದು ಪಿನ್ನಿನ ಮಿಡಿ ಜ್ಯಾಕ್‌ಗಳಿವೆ, ಯುಎಸ್‌ಬಿ ಇಲ್ಲ. ಮಿಡಿ ಅಂದರೆ ದನಿಯಲ್ಲ, ಯಾವ ಸ್ವರ ಯಾವಾಗ ನುಡಿಸಬೇಕು ಅನ್ನುವ ಸೂಚನೆ. ವೋಲ್ಕಾದಲ್ಲಿ ಇಯರ್‌ಫೋನ್ ಚುಚ್ಚುವ ಸಣ್ಣ ತೂತೇ ಔಟ್‌ಪುಟ್. ಮಿಡಿ ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರುವ ಜ್ಯಾಕ್ ಇಲ್ಲ. ಮೈಕ್ರೋಫ್ರೀಕ್‌ಗೆ ಯುಎಸ್‌ಬಿ ಇದೆ, ಲೈನ್ ಔಟ್ ಮಾತ್ರ ಒಂದೇ, ಮೋನೋ, ಅಂದರೆ ಎಡ, ಬಲ ಬೇರೆ ಬೇರೆ ಇಲ್ಲ. ರಿಫೇಸ್‌ನಲ್ಲಿ ಎಡ, ಬಲ, ಯುಎಸ್‌ಬಿ ಮೂರೂ ಉಂಟು. ಆ ಯುಎಸ್‌ಬಿಯಲ್ಲಿ ಹರಿಯುವುದು ಮಿಡಿ ಅಷ್ಟೇ, ದನಿಗೆ ಕೇಬಲ್ ಬೇಕೇ ಬೇಕು. ಯುಎಸ್‌ಬಿ ಕಂಡ ಕೂಡಲೇ ದನಿಯೂ ಅದರಲ್ಲೇ ಬರುತ್ತದೆ ಅಂದುಕೊಳ್ಳುವವರು ಜಾಸ್ತಿ. ಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳಬೇಕಾದ ವಿಷಯ ಇದು.

ನನ್ನ ಇಂಟರ್‌ಫೇಸಿಗೆ ಎರಡೇ ಇನ್‌ಪುಟ್. ಸ್ಟೀರಿಯೋ ಸಿಂಥ್ ಹಾಕಿದರೆ ಎರಡೂ ಮುಗಿಯಿತು, ಹಾಡುವ ಮೈಕಿಗೆ ಜಾಗವಿಲ್ಲ. ನಾನು ಎಲ್ಲವನ್ನೂ ಒಬ್ಬನೇ, ಒಂದಾದ ಮೇಲೊಂದು ರೆಕಾರ್ಡ್ ಮಾಡುವವನು. ಹಾಗಾಗಿ ಅದು ತೊಂದರೆಯೇ ಅಲ್ಲ.

ಮುಂದಿನ ಯೋಜನೆ ಪೂರ್ತಿ ಅವನದೇ. ನನ್ನ ಹಾಡಿನ ನಾಲ್ಕು ಬಾರ್‌ಗಳ (ತಾಳದ ಆವರ್ತಗಳ) ಕಾರ್ಡ್ಸ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು ತೆಗೆದುಕೊಂಡು ಲ್ಯಾಪ್‌ಟಾಪಿನಲ್ಲಿ ಮಿಡಿಯಾಗಿ ಬರೆದಿಟ್ಟ. ನಾಲ್ಕು ಸಿಂಥ್‌ಗಳಿಗೂ ಅದನ್ನೇ ಕಳಿಸುವುದು. ನನ್ನ ಬೆರಳು ಒಂದರ ಮೇಲೆ ಗಟ್ಟಿಯಾಗಿ, ಇನ್ನೊಂದರ ಮೇಲೆ ಮೆಲ್ಲಗೆ ಬೀಳುವ ಪ್ರಶ್ನೆಯೇ ಇಲ್ಲ. ನಾಲ್ಕರಲ್ಲೂ ಆದಷ್ಟು ಒಂದೇ ಬಗೆಯ ದನಿ, ಅಂದರೆ ಮೆಲ್ಲಗೆ ಏಳುವ, ಕೈ ಬಿಟ್ಟ ಮೇಲೂ ಸ್ವಲ್ಪ ಹೊತ್ತು ನಿಲ್ಲುವ ಪ್ಯಾಡ್. ಅದಕ್ಕೆ ಎಫೆಕ್ಟ್ ಎಲ್ಲ ಆಫ್.

ಮೊದಲ ರೆಕಾರ್ಡಿಂಗ್‌ನಲ್ಲೇ ಹೆಡ್‌ಫೋನ್ ತುಂಬ ಕುಯ್ಯ್ ಅಂತ ಒಂದು ಸದ್ದು. ಮೌಸ್ ಅಲ್ಲಾಡಿಸಿದರೆ ಸದ್ದೂ ಅಲ್ಲಾಡುತ್ತದೆ! ಸಿಂಥ್ ಕೆಟ್ಟಿದೆ ಅಂತಲೇ ನನಗನ್ನಿಸಿತು. ಗೆಳೆಯ ಮಾತಾಡದೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ. ಸದ್ದು ಮಾಯ. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಲ್ಯಾಪ್‌ಟಾಪ್, ಸಿಂಥ್, ಇಂಟರ್‌ಫೇಸ್ ಮೂರೂ ಯುಎಸ್‌ಬಿ ತಂತಿ, ಆಡಿಯೋ ತಂತಿ ಎರಡರಿಂದಲೂ ಕೂಡಿಕೊಂಡಾಗ ಗ್ರೌಂಡ್ ಒಂದು ಸುತ್ತು ಹಾಕಿ ಬರುತ್ತದೆ. ಆ ಸುತ್ತಿನಲ್ಲಿ ಕಂಪ್ಯೂಟರಿನ ವಿದ್ಯುತ್ ಗಲಾಟೆಯೆಲ್ಲ ದನಿಯೊಳಗೆ ನುಗ್ಗುತ್ತದೆ. ಸಾಮಾನ್ಯ ಗಿಟಾರ್ ಕೇಬಲ್‌ಗೆ ಅದನ್ನು ತಡೆಯುವ ಶಕ್ತಿ ಇಲ್ಲ. ವಾದ್ಯದ ತಪ್ಪೇನೂ ಅಲ್ಲ, ಜೋಡಿಸಿದ ರೀತಿಯದು.

ಮಜಾ ಅಂದರೆ, 1983ರಲ್ಲಿ ಬಂದ ಐದು ಪಿನ್ನಿನ ಮಿಡಿಗೆ ಈ ರೋಗ ಇಲ್ಲ. ಅದರ ಇನ್‌ಪುಟ್‌ನಲ್ಲಿ ಒಂದು ಪುಟ್ಟ ಆಪ್ಟೋಕಪ್ಲರ್ ಇರುತ್ತದೆ. ಸಂದೇಶ ಬೆಳಕಾಗಿ ಆ ಕಡೆಗೆ ದಾಟುತ್ತದೆ, ಗ್ರೌಂಡ್ ತಂತಿ ಕೂಡುವುದೇ ಇಲ್ಲ. ಯುಎಸ್‌ಬಿ ಇಲ್ಲ ಅಂತ ನಾನು ಮನಸ್ಸಿನಲ್ಲೇ ಮಾರ್ಕು ಕಳೆದಿದ್ದ ಮೈಕ್ರೋಕೋರ್ಗ್‌ನಿಂದ ಒಂದಿಷ್ಟೂ ಗುಯ್‌ಗುಟ್ಟದ ರೆಕಾರ್ಡಿಂಗ್ ಬಂತು. ಬ್ಯಾಟರಿ ಮೇಲೆ ನಡೆಯುವುದು ಇನ್ನೊಂದು ಉಪಾಯ. ಮೈಕ್ರೋಕೋರ್ಗ್, ವೋಲ್ಕಾ, ರಿಫೇಸ್ ಮೂರೂ ಆರು ಡಬಲ್ ಎ ಸೆಲ್ ಹಾಕಿದರೆ ಓಡುತ್ತವೆ. ಬ್ಯಾಟರಿ ಅಂದರೆ ಹೊರಗೆ ಕೂತು ನುಡಿಸುವ ಶೋಕಿಗೆ ಅಂದುಕೊಂಡಿದ್ದೆ. ಮನೆ ರೆಕಾರ್ಡಿಂಗ್‌ಗೂ ಅದು ಬೇಕಾಗುತ್ತದೆ.

ಕಾರ್ಡ್ಸ್ ಶುರುವಾದ ಮೇಲೆ ಪಾಲಿಫೋನಿ, ಅಂದರೆ ಒಟ್ಟಿಗೆ ಎಷ್ಟು ಸ್ವರ ನುಡಿಯುತ್ತವೆ ಅನ್ನುವುದು ಕಿವಿಗೇ ಗೊತ್ತಾಯಿತು. ನನ್ನ ಕಾರ್ಡ್‌ನಲ್ಲಿ ನಾಲ್ಕು ಸ್ವರ. ವೋಲ್ಕಾ ಕೀಸ್ ನುಡಿಸುವುದು ಮೂರೇ, ಒಂದು ಎಲ್ಲೋ ಕಾಣೆ. ಮೈಕ್ರೋಕೋರ್ಗ್‌ನಲ್ಲಿ ನಾಲ್ಕೂ ಬಂದವು, ಆದರೆ ಎರಡನೇ ಕಾರ್ಡ್ ಬೀಳುತ್ತಿದ್ದ ಹಾಗೆ ಮೊದಲನೆಯದರ ಬಾಲ ಕಚಕ್ ಅಂತ ಕತ್ತರಿಸಿತು. ಹೊಸ ಸ್ವರಕ್ಕೆ ಜಾಗ ಬೇಕಲ್ಲ, ಹಳೆಯದನ್ನು ಎಬ್ಬಿಸಿ ಕಳಿಸುತ್ತದೆ. ಮೈಕ್ರೋಫ್ರೀಕ್‌ನಲ್ಲೂ ನಾಲ್ಕೇ, ಮೇಲೆ ಅದು ಪ್ಯಾರಾಫೋನಿಕ್. ಸ್ವರಗಳು ನಾಲ್ಕಿದ್ದರೂ ಫಿಲ್ಟರ್, ಅಂದರೆ ದನಿಯ ಹೊಳಪನ್ನು ಹೆಚ್ಚು ಕಮ್ಮಿ ಮಾಡುವ ಭಾಗ, ಎಲ್ಲಕ್ಕೂ ಒಂದೇ. ರಿಫೇಸ್ ಸಿಎಸ್‌ನಲ್ಲಿ ಎಂಟು. ಹಳೆಯ ಕಾರ್ಡ್ ಕರಗುತ್ತಿರುವಾಗಲೇ ಹೊಸದು ಏಳುತ್ತದೆ, ಯಾರೂ ಯಾರನ್ನೂ ತಳ್ಳುವುದಿಲ್ಲ.

ಹಾಗಂತ ಪಾಲಿಫೋನಿ ಸಂಖ್ಯೆ ನೋಡಿಯೇ ಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ವೇದಿಕೆಯಲ್ಲಿ ನುಡಿಸುವವರಿಗೆ ಅದು ದೊಡ್ಡ ವಿಷಯ. ರೆಕಾರ್ಡಿಂಗ್‌ನಲ್ಲಿ ಎರಡು ಸ್ವರ ಈಗ, ಇನ್ನೆರಡು ಆಮೇಲೆ ಬೇರೆ ಟ್ರ್ಯಾಕಿಗೆ ಹಾಕಬಹುದು. ಒಂದು ಸಲಕ್ಕೆ ಒಂದೇ ಸ್ವರ ನುಡಿಸುವ ಮೋನೋ ಸಿಂಥ್‌ನಲ್ಲೂ ಹೀಗೆ ಪೂರ್ತಿ ಕಾರ್ಡ್ ಕಟ್ಟಬಹುದು. ಒಂದೊಂದು ಸ್ವರವನ್ನೂ ಎಡಕ್ಕೆ, ಬಲಕ್ಕೆ ಬೇಕಾದಲ್ಲಿ ಕೂರಿಸುವ ಅನುಕೂಲ ಬೇರೆ. ತಾಳ್ಮೆ ಬೇಕು ಅಷ್ಟೇ. ನನಗೆ ಅದು ಕಮ್ಮಿ.

ರೆಕಾರ್ಡ್ ಆದ ಟ್ರ್ಯಾಕ್‌ಗಳೆಲ್ಲ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬಿದ್ದಿದ್ದವು. ಕಂಪ್ಯೂಟರ್ ದನಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕೂಡಿಟ್ಟು ಸಾಗಿಸುತ್ತದೆ, ಆ ಕಂತಿಗೆ ಬಫರ್ ಅನ್ನುತ್ತಾರೆ. 44.1 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಬಫರ್ ಅಂದರೆ ಹತ್ತಿರ ಹತ್ತಿರ 6 ಮಿಲಿಸೆಕೆಂಡ್. ಹೋಗುವಾಗ ಒಂದಿಷ್ಟು, ಬರುವಾಗ ಒಂದಿಷ್ಟು ತಡ. ಹಿಡಿದು ಮುಂದಕ್ಕೆ ಸರಿಸಿದೆವು.

ನಾಲ್ಕನ್ನೂ ಒಂದೇ ಮಟ್ಟಕ್ಕೆ ತಂದಿದ್ದು ಆಮೇಲೆ. ಇದನ್ನು ಬಿಟ್ಟರೆ ಹೋಲಿಕೆಗೆ ಅರ್ಥವೇ ಇಲ್ಲ, ಯಾಕೆಂದರೆ ಯಾವುದು ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಗೆಳೆಯ ನನ್ನನ್ನು ಆಚೆ ತಿರುಗಿಸಿ ಕೂರಿಸಿ, ಟ್ರ್ಯಾಕ್‌ಗಳ ಹೆಸರು ಅಳಿಸಿ, ಜಾಗ ಅದಲು ಬದಲು ಮಾಡಿದ. "ಈಗ ಹೇಳು."

ಒಂಟಿಯಾಗಿ ಕೇಳಿದಾಗ ನನಗೆ ಹಿಡಿಸಿದ್ದು ಮೂರನೆಯದು. ದಪ್ಪ, ಬೆಚ್ಚಗಿನ ದನಿ, ಕೋಣೆಯೇ ತುಂಬಿಬಿಟ್ಟಿತು. "ಇದೇ!" ಅಂದೆ. ಅವನು ಏನೂ ಹೇಳದೆ ಡ್ರಮ್ಸ್, ಬೇಸ್, ನನ್ನ ಹಾಡಿಕೆ ಎಲ್ಲವನ್ನೂ ಆನ್ ಮಾಡಿದ. ನನ್ನ ದನಿ ಕಂಬಳಿ ಹೊದ್ದುಕೊಂಡ ಹಾಗಾಯಿತು. 200ರಿಂದ 500 ಹರ್ಟ್ಸ್ ಸುತ್ತಮುತ್ತ ಆ ಪ್ಯಾಡ್ ಠಿಕಾಣಿ ಹೂಡಿದೆ, ಗಂಡು ದನಿಯ ಮೈ ಇರುವುದೂ ಅಲ್ಲೇ. ಎರಡನೆಯ ಟ್ರ್ಯಾಕ್ ಹಾಕಿದ. ಒಂಟಿಯಾಗಿ ಕೇಳಿದಾಗ ಇದು ತೀರಾ ತೆಳ್ಳಗಿದೆ ಅಂದಿದ್ದೆ ನಾನು. ಈಗ ಹಾಡು ಮುಂದೆ, ಕಾರ್ಡ್ಸ್ ಹಿಂದೆ, ಎರಡೂ ಸ್ಪಷ್ಟ. ಹೆಸರು ತೆಗೆದು ತೋರಿಸಿದ. ದಪ್ಪಗಿದ್ದದ್ದು ಮೈಕ್ರೋಕೋರ್ಗ್, ತೆಳ್ಳಗಿದ್ದದ್ದು ರಿಫೇಸ್.

"ಮೈಕ್ರೋಕೋರ್ಗ್‌ದೂ ಫಿಲ್ಟರ್ ಮುಚ್ಚಿ, ಕೆಳಗಿನದ್ದನ್ನ ಕತ್ತರಿಸಿದರೆ ಕೂರುತ್ತಲ್ವಾ?" ಅಂತ ವಾದ ಮಾಡಿದೆ. "ಖಂಡಿತ ಕೂರುತ್ತೆ. ಮಾಡು ನೋಡೋಣ" ಅಂತ ಅದನ್ನು ಮುಂದಿಟ್ಟ. ನಾಬ್‌ಗಳು ಐದು. ಮೊದಲು ಸೆಲೆಕ್ಟರ್ ತಿರುಗಿಸಿ ಯಾವ ಸಾಲು ಅಂತ ಆರಿಸಬೇಕು, ಆಗ ಆ ಐದಕ್ಕೆ ಆ ಸಾಲಿನ ಕೆಲಸ. ಪಳಗಿದವರು ಸರಸರ ಮಾಡುತ್ತಾರೆ. ನಾನು ಸಾಲು ಹುಡುಕುವಷ್ಟರಲ್ಲಿ ಹಾಡು ಎಲ್ಲೋ ಹೋಗಿರುತ್ತಿತ್ತು. ರಿಫೇಸ್‌ನಲ್ಲಿ ಫಿಲ್ಟರ್ ತೆರೆದು ಮುಚ್ಚಲು ಕಟಾಫ್ ಅಂತ ಒಂದು ಸ್ಲೈಡರ್, ಅದಕ್ಕೆ ಅದೊಂದೇ ಕೆಲಸ. ಹಾಡು ಓಡುತ್ತಿರುವಾಗಲೇ ಕೆಳಗೆ ಎಳೆದೆ, ನನ್ನ ದನಿ ಮೇಲೆದ್ದಿತು. ಸ್ವಲ್ಪ ಮೇಲೆ ತಳ್ಳಿದೆ, ಪಲ್ಲವಿಗೆ ಬೇಕಾದ ಹೊಳಪು ಬಂತು. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು.

ಮೈಕ್ರೋಫ್ರೀಕ್ ಬಗ್ಗೆ ಒಂದು ಮಾತು ಹೇಳದೆ ಹೋದರೆ ಅನ್ಯಾಯ. ಅದರಲ್ಲಿ ಒತ್ತುವ ಕೀಗಳೇ ಇಲ್ಲ, ಚಪ್ಪಟೆ ಹಲಗೆ, ಮುಟ್ಟಿದರೆ ನುಡಿಯುತ್ತದೆ. ಬೆರಳ ತುದಿ ಇಟ್ಟು ಮೆಲ್ಲಗೆ ಪೂರ್ತಿ ಬೆರಳು ಒರಗಿಸಿದರೆ ಆ ಒಂದು ಸ್ವರ ಮಾತ್ರ ಅರಳುತ್ತದೆ, ಪಕ್ಕದ್ದು ಸುಮ್ಮನಿರುತ್ತದೆ. ಎಷ್ಟೋ ದುಬಾರಿ ಕೀಬೋರ್ಡ್‌ಗಳಲ್ಲೂ ಇದು ಸಿಗುವುದಿಲ್ಲ. ನನ್ನದು ಕಾರ್ಡ್ಸ್ ಮೇಲೆ ನಿಂತ ಹಾಡುಗಾರಿಕೆ ಅಲ್ಲದೆ ವಿಚಿತ್ರ ಸದ್ದುಗಳ ಹುಡುಕಾಟ ಆಗಿದ್ದರೆ ಅದನ್ನೇ ತರುತ್ತಿದ್ದೆ.

ಇಷ್ಟಕ್ಕೆಲ್ಲ ಯಂತ್ರ ಯಾಕೆ, ಸರ್ಜ್ ಎಕ್ಸ್‌ಟಿ, ವೈಟಲ್ ಥರದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತಲ್ಲ ಅಂತ ಕೇಳಬಹುದು. ನಿಜ, ದನಿಯಲ್ಲಿ ಅವು ಏನೂ ಕಮ್ಮಿ ಇಲ್ಲ. ಯಮಹಾದ ಹಳೆಯ ಸಿಂಥ್ ಡಿಎಕ್ಸ್7ನ ಗಾಜಿನಂಥ ಪಿಯಾನೋ ಬೇಕಿದ್ದರೆ ನಾನು ಈಗಲೂ ಅದನ್ನು ಅನುಕರಿಸುವ ಡೆಕ್ಸ್‌ಡ್ ಸಾಫ್ಟ್‌ವೇರ್ ತೆರೆಯುತ್ತೇನೆ, ಬೇಸ್‌ಗೂ ಸಾಫ್ಟ್‌ವೇರೇ. ಆದರೆ ಪ್ಯಾಡ್ ಹುಡುಕಲು ಕೂತರೆ ಸಾವಿರ ಪ್ರೀಸೆಟ್ (ಮೊದಲೇ ಮಾಡಿಟ್ಟ ದನಿ) ಮುಗಿಯುವಷ್ಟರಲ್ಲಿ ಹಾಡುವ ಮನಸ್ಸೇ ಹೋಗಿರುತ್ತದೆ. ಕೈಗೆ ಸಿಗುವ ಸ್ಲೈಡರ್ ಬೇಕಿದ್ದದ್ದು ಅದಕ್ಕೆ.

ರಿಫೇಸ್ ಸಿಎಸ್‌ಗೆ ಒಂದು ದೊಡ್ಡ ಕೊರತೆ ಇದೆ. ಮಾಡಿದ ದನಿಯನ್ನು ಅದು ತನ್ನೊಳಗೆ ಉಳಿಸಿಕೊಳ್ಳುವುದಿಲ್ಲ. ಸ್ಲೈಡರ್ ಎಲ್ಲಿದೆಯೋ ಅದೇ ದನಿ. ಹಾಗಾಗಿ ಪ್ರತಿ ಟೇಕ್ ಆದ ಮೇಲೆ ಮೇಲಿಂದ ನೇರವಾಗಿ ಒಂದು ಫೋಟೋ ಹೊಡೆದು, ಹಾಡಿನ ಫೋಲ್ಡರಿಗೇ ಹಾಕಿಡುತ್ತೇನೆ. ಓರೆಯಾಗಿ ತೆಗೆದರೆ ಸ್ಲೈಡರ್ ಇರುವ ಗೆರೆ ಗೊತ್ತಾಗುವುದಿಲ್ಲ.

ನಾನು ತಂದದ್ದು ಸೆಕೆಂಡ್ ಹ್ಯಾಂಡ್. ನೋಡಲು ಹೋಗುವಾಗ ಗೆಳೆಯನೂ ಜೊತೆಗೆ ಬಂದ. ದನಿ ಹಿಡಿದುಕೊಂಡೇ ಒಂದೊಂದು ಸ್ಲೈಡರನ್ನೂ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ಎಳೆಯಲು ಹೇಳಿದ, ಕರಕರ ಅಂದರೆ ಒಳಗೆ ಧೂಳು. 37 ಕೀಗಳನ್ನೂ ಒಂದೊಂದಾಗಿ ಒತ್ತಿಸಿದ. ಕೊನೆಗೆ ತಲೆಕೆಳಗು ಮಾಡಿ ಬ್ಯಾಟರಿ ಮುಚ್ಚಳ ತೆಗೆದು, ಸ್ಪ್ರಿಂಗ್‌ಗಳಿಗೆ ಹಸಿರು ಕಿಲುಬು ಹಿಡಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿದ. ಮಾರುವವರಿಗೆ ಸ್ವಲ್ಪ ಮುಜುಗರ ಆಗಿರಬೇಕು. ಸ್ಪ್ರಿಂಗ್ ಫಳಫಳ ಹೊಳೆಯುತ್ತಿತ್ತು. ಒಮ್ಮೆಯೂ ಸೆಲ್ ಹಾಕಿರಲಿಲ್ಲವಂತೆ.