‘ಈಗಲೂ ಕ್ರಿಸ್ಮಸ್ ಫೀಲ್ ಬರುತ್ತಾ?’ ಅಂತ ಕೇಳುವವರಿಗೆ

ಬರಲ್ಲ. ಆಯ್ತಾ? ಇಷ್ಟೇ ಉತ್ತರ ಬೇಕಿದ್ದವರು ಇಲ್ಲಿಗೇ ನಿಲ್ಲಿಸಿ ನಿಮ್ಮ ಕೆಲಸ ನೋಡಿಕೊಳ್ಳಬಹುದು.

ಡಿಸೆಂಬರ್ ಬಂತು ಅಂದರೆ ಈ ಪ್ರಶ್ನೆಯೂ ಬಂತು. ‘ಚಿಕ್ಕವರಿದ್ದಾಗ ಎಷ್ಟು ಚೆನ್ನಾಗಿತ್ತು, ಅಲ್ವಾ? ಈಗ ಆ ಸಂಭ್ರಮಾನೇ ಇಲ್ಲ. ನಿಮಗೆ ಬರುತ್ತಾ?’ ಮೂವತ್ತು ದಾಟಿದವರೂ ಕೇಳುತ್ತಾರೆ, ಎಪ್ಪತ್ತು ದಾಟಿದವರೂ ಕೇಳುತ್ತಾರೆ. ನನಗೆ ಐವತ್ತನಾಲ್ಕು. ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತಾರೋ ಗೊತ್ತಿಲ್ಲ. ವರ್ಷ ತಪ್ಪದೆ ಮನೆಯಲ್ಲಿ ಬೊಂಬೆಗಳನ್ನಿಟ್ಟು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಕಟ್ಟುತ್ತೇನೆ, ಅದೊಂದೇ ನಾನು ಮಾಡಿದ ತಪ್ಪು.

ನನಗೆ ಸಿಟ್ಟು ಬರಿಸುವುದು ಆ ‘ಬರುತ್ತಾ’ ಅನ್ನುವ ಮಾತು. ಸಂಭ್ರಮ ಅಂದರೆ ಏನು, ಸೀನೇ? ತಾನಾಗಿ ಬರೋದಕ್ಕೆ? ಸೋಫಾದ ಮೇಲೆ ಕೂತು, ಮೊಬೈಲ್ ಉಜ್ಜುತ್ತಾ ಅದಕ್ಕಾಗಿ ಕಾಯುತ್ತಾರೆ. ಬರಲಿಲ್ಲ ಅಂದ ತಕ್ಷಣ ವಯಸ್ಸಾಯ್ತು ಅಂದುಬಿಡುತ್ತಾರೆ. ಸುಮ್ನೆ ಇರೋದಕ್ಕೆ ಒಳ್ಳೆಯ ನೆಪವೇ ಬೇಕಿದ್ದರೆ ಇವರು 1659ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಇರಬೇಕಿತ್ತು. ಅಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಅಂತ ಕಾನೂನು ಮಾಡಿದ್ದರು. ಮಾಡಿದವರೂ ಕ್ರೈಸ್ತರೇ, ಕಟ್ಟುನಿಟ್ಟಿನ ಪ್ಯೂರಿಟನ್ನರು. ಅದು ರದ್ದಾಗಿದ್ದು 1681ರಲ್ಲಿ. ಈಗ ಯಾರೂ ದಂಡ ಹಾಕುತ್ತಿಲ್ಲ, ಏಳಿ.

ವಯಸ್ಸಿನ ಪಾಲು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಫ್ರಾನ್ಸಿನ ಪಾಲ್ ಜಾನೆ ಎಂಬ ತತ್ವಜ್ಞಾನಿ 1877ರಲ್ಲೇ ಒಂದು ಲೆಕ್ಕ ಹೇಳಿದ್ದ. ವರ್ಷ ಎಷ್ಟು ಉದ್ದ ಅನಿಸುತ್ತದೆ ಅನ್ನೋದು ನಾವು ಅಲ್ಲಿಯವರೆಗೆ ಎಷ್ಟು ಬದುಕಿದ್ದೇವೆ ಅನ್ನೋದರ ಮೇಲೆ ನಿಂತಿದೆ ಅಂತ. ಐದು ವರ್ಷದ ಮಗುವಿಗೆ ಒಂದು ಕ್ರಿಸ್ಮಸ್ಸಿನಿಂದ ಇನ್ನೊಂದಕ್ಕೆ ಕಾಯೋದು ಅಂದರೆ ಆಯುಸ್ಸಿನ ಐದನೇ ಒಂದು ಪಾಲು ಕಾದ ಹಾಗೆ. ನನಗೆ ಅದು ಐವತ್ತನಾಲ್ಕನೇ ಒಂದು ಪಾಲು. ಹೋದ ಸಲದ ನಕ್ಷತ್ರ ಅಟ್ಟಕ್ಕೆ ಹಾಕಿ ಕೈ ತೊಳೆದುಕೊಳ್ಳುವಷ್ಟರಲ್ಲಿ ಮತ್ತೆ ಇಳಿಸು ಅನ್ನುತ್ತದೆ ಕ್ಯಾಲೆಂಡರ್. ಕಾಯೋದಕ್ಕೇ ಪುರುಸೊತ್ತಿಲ್ಲ. ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ಭಾನುವಾರಗಳನ್ನು ಆಗಮನ ಕಾಲ ಅಂತ ಚರ್ಚು ಬರೀ ಕಾಯೋದಕ್ಕೇ ಇಟ್ಟಿದೆ. ನಾವು ಅದರಲ್ಲಿ ಪಟ್ಟಿ ಬರೆಯುತ್ತೇವೆ.

ಎರಡು ವರ್ಷದ ಹಿಂದಿನ ಮಾತು. ನಾನು ಸ್ಟೂಲಿನ ಮೇಲೆ ಹತ್ತಿದ್ದೆ. ಬಾಯಲ್ಲಿ ಸೆಲ್ಲೋಟೇಪಿನ ತುಂಡು, ಕುತ್ತಿಗೆಗೆ ಹಾರದ ಹಾಗೆ ಸೀರಿಯಲ್ ಸೆಟ್. ಅರ್ಧ ಗಂಟೆಯಿಂದ ಹತ್ತುತ್ತಿರಲಿಲ್ಲ ಅದು. ಆಗ ಚಿಕ್ಕಮ್ಮನ ಮಗಳ ಫೋನ್. ಸ್ಪೀಕರಿಗೆ ಹಾಕಿದೆ. ‘ಅಕ್ಕಾ, ಒಂದು ಮಾತು ಕೇಳ್ತೀನಿ. ನಿಂಗೆ ಈಗಲೂ ಕ್ರಿಸ್ಮಸ್ ಫೀಲ್ ಬರುತ್ತಾ? ನಂಗೆ ಈ ಸಲ ಏನೂ ಅನ್ನಿಸ್ತಾನೇ ಇಲ್ಲ ಕಣೇ.’

‘ನಂಗೆ ಅನ್ನಿಸ್ತಾ ಇದೆ, ಕುತ್ತಿಗೆ ನೋವು’ ಅಂದೆ. ಅವಳು ಬೇಜಾರು ಮಾಡಿಕೊಂಡಳು. ಫೋನ್ ಇಟ್ಟಳು. ನಾನು ಕೆಳಗಿಳಿದು ನೆಲದ ಮೇಲೆ ಕೂತೆ.

ಹೊಸದು ತಗೊಳ್ಳಬಾರದಾ ಅನ್ನಬೇಡಿ. ಅದು ಅಪ್ಪ ತಂದ ಸೆಟ್. ಹಳೆಯ ಸೆಟ್ಟಿನಲ್ಲಿ ಕರೆಂಟು ಒಂದು ಬಲ್ಬಿನ ಒಳಗಿಂದಲೇ ಇನ್ನೊಂದಕ್ಕೆ ಹೋಗಬೇಕು. ನಡುವೆ ಒಂದು ಕೈಕೊಟ್ಟರೆ ಇಡೀ ಸಾಲು ಕತ್ತಲೆ. ಯಾವುದು ಕೈಕೊಟ್ಟಿದೆ ಅಂತ ಕತ್ತಲೆ ಹೇಳುವುದಿಲ್ಲ. ಚೆನ್ನಾಗಿರುವ ಒಂದು ಬಲ್ಬ್ ಇಟ್ಟುಕೊಂಡು, ಪ್ಲಗ್ ಕಿತ್ತು, ಸಾಲಿನ ಒಂದೊಂದನ್ನೇ ತೆಗೆದು ಇದನ್ನು ಹಾಕಿ, ಮತ್ತೆ ಪ್ಲಗ್ ಚುಚ್ಚಿ ನೋಡಬೇಕು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ ಜೊತೆಗಾರ ಎಡ್ವರ್ಡ್ ಜಾನ್ಸನ್ ಮೊದಲ ಸಲ ಕ್ರಿಸ್ಮಸ್ ಮರಕ್ಕೆ ಕರೆಂಟಿನ ದೀಪ ಹಾಕಿದಾಗ ಕೆಂಪು, ಬಿಳಿ, ನೀಲಿ ಸೇರಿ 80 ಬಲ್ಬ್ ಇದ್ದವಂತೆ, ವೈರೆಲ್ಲ ಕೈಯಲ್ಲೇ ಜೋಡಿಸಿದ್ದು. ಅವನ ಸೊಂಟದ ಕಥೆ ಯಾರು ಕೇಳಿದರು?

ನನ್ನದು ಹತ್ತೊಂಬತ್ತನೇ ಬಲ್ಬಿನಲ್ಲಿ ಹತ್ತಿತು. ಹತ್ತಿದ ಕ್ಷಣ ನಾನು ‘ಥತ್, ದರಿದ್ರದ್ದು’ ಅಂದೆ. ಅಂದ ಮೇಲೆ ಗೊತ್ತಾಯಿತು, ಅದು ನನ್ನ ಮಾತಲ್ಲ. ಅಪ್ಪನ ಮಾತು. ಅದೇ ಧ್ವನಿ, ‘ಥ’ ಮೇಲೆ ಅದೇ ಒತ್ತು.

ಅಪ್ಪ ಹೀಗೇ ನೆಲದ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಬಲ್ಬಿನ ಡಬ್ಬ ಹಿಡಿದುಕೊಳ್ಳುವುದು ನನ್ನ ಕೆಲಸ. ಅವರು ಬೈಯುತ್ತಿದ್ದರು, ಬೆವರುತ್ತಿದ್ದರು, ಅಮ್ಮ ಒಳಗಿನಿಂದ ಏನಾದರೂ ಕೇಳಿದರೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಇಡೀ ಊರಿನ ಸಂಭ್ರಮ ಅಪ್ಪನ ಎದೆಯೊಳಗೇ ಇದೆ ಅಂತ ಆಗ ನಾನು ನಂಬಿದ್ದೆ. ಈಗ ಯೋಚಿಸಿದರೆ ಅವರಿಗೂ ಏನೂ ಫೀಲ್ ಬರುತ್ತಿರಲಿಲ್ಲ ಅನ್ನಿಸುತ್ತದೆ. ಸೊಂಟ ನೋಯುತ್ತಿತ್ತು, ಅಷ್ಟೆ. ಅವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ಕೇಳೋದಕ್ಕೆ ಅವರಿಲ್ಲ.

ನನ್ನನ್ನು ಏನಾದರೂ ಕೇಳಲೇಬೇಕು ಅಂತಿದ್ದರೆ ‘ಸ್ಟೂಲ್ ಹಿಡ್ಕೊಳ್ಳಲಾ?’ ಅಂತ ಕೇಳಿ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಹೋದ ವರ್ಷ ಆ ತಂಗಿ ಮಗನನ್ನು ಕರೆದುಕೊಂಡು ಬಂದಳು. ಫೀಲ್ ಬಗ್ಗೆ ಬಾಯಿ ಬಿಡಲಿಲ್ಲ, ಹಿಂದಿನ ಸಲದ ಉತ್ತರ ನೆನಪಿತ್ತೇನೋ. ಅವನಿಗೆ ಆರು ವರ್ಷ. ಹಳೇ ಪೇಪರಿನಲ್ಲಿ ಸುತ್ತಿಟ್ಟ ಬೊಂಬೆಗಳನ್ನು ಒಂದೊಂದಾಗಿ ಬಿಚ್ಚಿ ಸಾಲಾಗಿ ಇಟ್ಟ. ಬಾಲ ಯೇಸುವನ್ನು ಮಾತ್ರ ನಾನು ತೆಗೆದು ಬೀರುವಿನಲ್ಲಿಟ್ಟೆ. 24ರ ಮಧ್ಯರಾತ್ರಿಯವರೆಗೆ ಆ ಹುಲ್ಲು ಖಾಲಿ ಇರಬೇಕು.

‘ದೊಡ್ಡಮ್ಮಾ, ಈ ಕತ್ತೆಗೆ ಯಾಕೆ ಬೆಂಕಿಕಡ್ಡಿ ಕಾಲು?’

ನೋಡಿ, ಪ್ರಶ್ನೆ ಅಂದರೆ ಇದು.

ಬೈಬಲಿನ ಲೂಕನ ಶುಭಸಂದೇಶದಲ್ಲಿ ಮಗುವನ್ನು ಮಲಗಿಸಿದ ಗೋದಲಿ ಇದೆ, ಆದರೆ ಅದರ ಪಕ್ಕ ಕತ್ತೆಯೂ ಇಲ್ಲ, ಎತ್ತೂ ಇಲ್ಲ ಅಂತ ಅವನಿಗೆ ಹೇಳಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಸಂತ ಫ್ರಾನ್ಸಿಸ್ ಹುಲ್ಲು ಹಾಸಿ, ಜೀವ ಇರುವ ಕತ್ತೆ, ಎತ್ತನ್ನೇ ತಂದು ನಿಲ್ಲಿಸಿ ಜನರಿಗೆ ತೋರಿಸಿದ ಕಥೆ ಹೇಳಿದೆ. ‘ಜೀವ ಇರೋ ಕತ್ತೆನಾ? ಅದು ಪೂಜೆ ನಡೆಯುವಾಗ ಕೂಗಲಿಲ್ವಾ?’ ಅಂದ. ಕೂಗಿರುತ್ತೆ ಬಿಡು, ಕತ್ತೆ ಅಲ್ವಾ ಅಂದೆ.

ಆಮೇಲೆ ಬೆಂಕಿಕಡ್ಡಿಯ ವಿಷಯ. ನಾನೂ ನನ್ನ ತಮ್ಮನೂ ಕತ್ತೆಗೂ ಒಂಟೆಗೂ ಮೇಜಿನ ಮೇಲೆ ಓಟದ ಪಂದ್ಯ ಕಟ್ಟಿದ್ದು, ಕತ್ತೆ ಗೆದ್ದು ಮೇಜಿನ ಆಚೆ ಬಿದ್ದಿದ್ದು, ಮುರಿದ ಕಾಲು ಸಿಗದೆ ಇಬ್ಬರೂ ಮಂಚದ ಕೆಳಗೆ ಅಡಗಿ ಕೂತಿದ್ದು, ಅಪ್ಪ ಒಂದು ಮಾತೂ ಬೈಯದೆ ಬೆಂಕಿಕಡ್ಡಿಯ ಮದ್ದು ಕೆರೆದು ತೆಗೆದು ಅಂಟು ಹಚ್ಚಿದ್ದು. ಹೇಳುತ್ತಾ ಹೋದೆ. ಸೀರಿಯಲ್ ಸೆಟ್ ತೊಡೆಯ ಮೇಲೆಯೇ ಇತ್ತು. ಅವನು ಬಲ್ಬಿನ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ‘ಆ ಮುರಿದ ಕಾಲು ಆಮೇಲೆ ಸಿಕ್ತಾ?’ ಅಂದ.